ಕಿತ್ತೂರಿನ ಕೈದಿ ಮತ್ತು ಎರಿ ಹೊಲದ ಹೆಸರುಗಳು

ಇವತ್ತಿನ ಸಂಚಿಕೆ ಶುರು ಆಗೋದು ಎರಡು ಇಲಿಗಳಿಂದ. ನಗಬ್ಯಾಡ್ರಿ, ಸ್ವಲ್ಪ ತಡೀರಿ.

ಒಂದರ ವೈಜ್ಞಾನಿಕ ಹೆಸರು ಮಿಲ್ಲಾರ್ಡಿಯಾ ಮೆಲ್ಟಾಡ. ಇನ್ನೊಂದರದ್ದು ಗೊಲುಂಡಾ ಎಲಿಯೋಟಿ. ಕೇಳಿದರೆ ಲ್ಯಾಟಿನ್ ಇರಬೇಕು ಅನ್ನಿಸುತ್ತೆ. ಆದರೆ ‘ಮೆಲ್ಟಾಡ’ ಲ್ಯಾಟಿನ್ ಅಲ್ಲ, ‘ಗೊಲುಂಡಾ’ನೂ ಅಲ್ಲ. ಅವು ಇನ್ನೂರು ವರ್ಷದ ಹಿಂದೆ ನಮ್ಮ ಧಾರವಾಡ-ಬೆಳಗಾವಿ ಕಡೆಯ ಎರಿ ಹೊಲಗಳಲ್ಲಿ ಜನ ಆಡ್ತಿದ್ದ ಮಾತುಗಳು. ಅವನ್ನ ಕಿವಿಗೊಟ್ಟು ಕೇಳಿ ಬರೆದುಕೊಂಡವನು ಒಬ್ಬ ಬ್ರಿಟಿಷ್ ಅಧಿಕಾರಿ. ಆ ಅಧಿಕಾರಿ ಕಿತ್ತೂರು ಕೋಟೆಯಲ್ಲಿ ರಾಣಿ ಚೆನ್ನಮ್ಮನ ಕೈದಿಯಾಗಿದ್ದವನು. ಹೆಸರು ವಾಲ್ಟರ್ ಎಲಿಯಟ್.

ಬೈಲಹೊಂಗಲದಲ್ಲಿ ಬೆಳೆದ ನಮಗೆ ಚೆನ್ನಮ್ಮನ ಕಥೆ ಹೊಸದಲ್ಲ. ಶಾಲೆಯ ನಾಟಕದಲ್ಲಿ ಯಾರೋ ಒಬ್ಬ ಹುಡುಗ ಥ್ಯಾಕರೆ ಆಗಿ ಟೋಪಿ ಹಾಕಿಕೊಂಡು ಬಿದ್ದು ಸಾಯ್ತಾನೆ, ಎಲ್ಲರೂ ಚಪ್ಪಾಳೆ ಹೊಡೀತೀವಿ, ಪರದೆ ಬೀಳುತ್ತೆ. ಎಲಿಯಟ್ ಆ ನಾಟಕದಲ್ಲಿ ಬರೋದೇ ಇಲ್ಲ, ಬಂದರೂ ಒಂದು ಸಾಲು. ಪರದೆ ಬಿದ್ದ ಮೇಲೆ ಆತ ಏನು ಮಾಡಿದ ಅನ್ನೋದು ಇವತ್ತಿನ ಕಥೆ. ಹಕ್ಕಿ, ಗಿಡ, ಪ್ರಾಣಿ ಗುರುತಿಸೋದನ್ನ ಕಲೀಬೇಕು ಅಂತ ಫೋನಿನಲ್ಲಿ ಆ್ಯಪ್ ಹಾಕಿಕೊಂಡಿರೋ ನಮ್ಮಂಥವರಿಗೆ ಈ ಕಥೆಯಿಂದ ಒಂದು ಕೆಲಸ ಹುಟ್ಟುತ್ತೆ. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಚರಿತ್ರೆ. 1818ರಲ್ಲಿ ಪೇಶ್ವೆ ಆಡಳಿತ ಬಿತ್ತು. ನಮ್ಮ ಭಾಗ ಕಂಪನಿ ಕೈಗೆ ಹೋಯ್ತು. ಆಗ ಈ ಸೀಮೆಗೆ ಅವರು ಇಟ್ಟ ಹೆಸರು ‘ದಕ್ಷಿಣ ಮರಾಠಾ ಸೀಮೆ’. ಕನ್ನಡ ಮಾತಾಡೋ ನೆಲಕ್ಕೆ ಆ ಹೆಸರು! ಇರಲಿ. ಧಾರವಾಡದಲ್ಲಿ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಅವನ ಕೈಕೆಳಗೆ ಸಹಾಯಕನಾಗಿ ಬಂದವನು ಎಲಿಯಟ್. 1803ರಲ್ಲಿ ಹುಟ್ಟಿದವನು, ಅಂದರೆ ಕಿತ್ತೂರಿನ ಗದ್ದಲದ ಹೊತ್ತಿಗೆ ಬರೀ 21 ವರ್ಷ. ನಮ್ಮಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕೋ ವಯಸ್ಸು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತು ಮಗನನ್ನ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಒತ್ತಿಸಿದ. ಅಕ್ಟೋಬರ್ 23ಕ್ಕೆ ಕೋಟೆ ಮುಂದೆ ಕಾಳಗ. ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರು, ಎಲಿಯಟ್ ಮತ್ತು ಸ್ಟೀವನ್ಸನ್, ಸೆರೆಯಾದರು. ಸುಮಾರು ನಲವತ್ತು ದಿನ ಕೋಟೆಯೊಳಗೆ ಇದ್ದು, ಡಿಸೆಂಬರ್ ಮೊದಲ ವಾರ ಬಿಡುಗಡೆಯಾದರು. ಅದರ ಬೆನ್ನಿಗೇ ದೊಡ್ಡ ಸೈನ್ಯದ ದಾಳಿಗೆ ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದಳು. 1829ರಲ್ಲಿ ಇಲ್ಲೇ ತೀರಿಕೊಂಡಳು. ಸಮಾಧಿ ಇಲ್ಲೇ ಇದೆ, ನಿಮಗೆ ಗೊತ್ತು.

ಈಗ ಈ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ಎಲಿಯಟ್ ನಲವತ್ತು ದಿನ ಕೈದಿ. ಆಮೇಲೆ ಆತ ಮನೆಗೆ ಓಡಿ ಹೋಗಲಿಲ್ಲ, 1833ರವರೆಗೂ ಇದೇ ಸೀಮೆಯಲ್ಲಿ ಇದ್ದ. ಅಂದರೆ ಚೆನ್ನಮ್ಮ ಬೈಲಹೊಂಗಲದಲ್ಲಿ ಗೋಡೆಯೊಳಗೆ ಇದ್ದ ವರ್ಷಗಳಲ್ಲೇ, ಅವಳ ಹಳೇ ಕೈದಿ ಇದೇ ಸೀಮೆಯ ಹೊಲ, ಗುಡ್ಡ, ಹಳ್ಳ ಎಲ್ಲ ತಿರುಗಾಡ್ತಾ ನೋಟ್ಸ್ ಬರೀತಿದ್ದ. ಹಳೇ ಶಾಸನಗಳನ್ನ ನಕಲು ಮಾಡಿಸಿದ, ನೂರಾರು. ಪ್ರಾಣಿಗಳನ್ನ ನೋಡಿದ, ಹಕ್ಕಿಗಳನ್ನ ಪಟ್ಟಿ ಮಾಡಿದ.

ಈಗ 1826ಕ್ಕೆ ಬರೋಣ. ಆ ವರ್ಷ ಮುಂಗಾರು ಶುರುವಿಗೇ ಕೈಕೊಟ್ಟಿತು. ಎರಿ ಭೂಮಿ ನಿಮಗೆ ಗೊತ್ತಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಆ ಬಿರುಕಿನಲ್ಲಿ ಒಂದು ಜಾತಿ ಇಲಿ ವಾಸ ಮಾಡುತ್ತೆ. ಸರಿಯಾಗಿ ಮಳೆ ಬಂದರೆ ಬಿರುಕು ಕುಸಿದು ಮುಚ್ಚಿಕೊಳ್ಳುತ್ತೆ, ಸಾವಿರಾರು ಇಲಿ ಅಲ್ಲೇ ಸಾಯ್ತಾವೆ. ಮಳೆ ಬರಲಿಲ್ಲ ಅಂದರೆ? ಅವು ಸಾಯಲ್ಲ, ಮರಿ ಹಾಕ್ತಾನೇ ಹೋಗ್ತಾವೆ. ಆ ವರ್ಷ ಅದೇ ಆಯ್ತು. ಬಿತ್ತಿದ ಬೀಜ ಬಿತ್ತಿದ ಹಾಗೇ ತಿಂದವು. ಉಳಿದ ಜೋಳ ಹಾಲುಗಾಳಾಗಿ ಬಲಿತ ಹೊತ್ತಿಗೆ ದಂಟು ಹತ್ತಿ ತೆನಿ ಕಡಿದು ಬೀಳಿಸಿದವು. ಹೊಲಕ್ಕೆ ಹೊಲಾನೇ ನಾಶವಾಗಿ ರೈತರು ಕಂದಾಯ ಕಟ್ಟೋಕೆ ಆಗದ ಹಾಗಾಯ್ತು. ಇದನ್ನೆಲ್ಲ ಕಣ್ಣಾರೆ ಕಂಡು ಬರೆದವನು ಎಲಿಯಟ್.

ಗಮನಿಸಿ, ಆತ ಕಂದಾಯದ ಮನುಷ್ಯ. ಇಲಿಯನ್ನ ಆತ ನೋಡಿದ್ದಕ್ಕೆ ಒಂದು ಕಾರಣ ಕುತೂಹಲ, ಇನ್ನೊಂದು ಕಾರಣ ವಸೂಲಿ. ಬಿ.ಕಾಂ. ಓದಿದ ನನಗೆ ಇದು ತಕ್ಷಣ ಕಣ್ಣಿಗೆ ಬಿತ್ತು: ಕಂಪನಿಯ ಲೆಕ್ಕದಲ್ಲಿ ಇಲಿಯೂ ಒಂದು ನಷ್ಟದ ಬಾಬ್ತು.

ಆಗ ರೈತರು ಏನು ಮಾಡಿದರು? ವಡ್ಡರನ್ನ ಕರೆದರು. ಕೆರೆ ತೋಡೋದು, ಕಲ್ಲು ಒಡೆಯೋದು, ಮಣ್ಣು ಹೊರೋದು ಅವರ ಕಸುಬು. ಇವತ್ತು ಭೋವಿ ಅಂತಲೂ ಕರೀತೀವಿ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಅಂತ ಮಾತಾಯ್ತು. ಸಾವಿರಗಟ್ಟಲೆ ಹಿಡಿದರು. ಆದರೂ ಇಲಿ ಕಡಿಮೆ ಆದ ಹಾಗೆ ಕಾಣಲಿಲ್ಲ ಅಂತ ಎಲಿಯಟ್ ಬರೆದಿದ್ದಾನೆ. ಆ ಇಲಿಯನ್ನ ವಡ್ಡರು ಕರೀತಿದ್ದ ಹೆಸರನ್ನ ಆತ ‘ಮೆತ್ತಡೆ’ ಅಂತ ಕೇಳಿಸಿಕೊಂಡ. ಅವರ ಮನೆಮಾತಿನಲ್ಲಿ ತೆಲುಗಿನ ಬೆರಕೆ ಇದೆ. ತೆಲುಗಿನಲ್ಲಿ ‘ಮೆತ್ತ’ ಅಂದರೆ ಮೃದು, ನಮ್ಮಲ್ಲೂ ‘ಮೆತ್ತಗೆ’ ಅಂತೀವಿ. ಇವತ್ತು ಇಂಗ್ಲಿಷಿನಲ್ಲಿ ಅದೇ ಇಲಿಯ ಹೆಸರಿಗೆ ‘ಮೃದು ತುಪ್ಪಳದ ಹೊಲದಿಲಿ’ ಅಂತಲೇ ಅರ್ಥ.

1837ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಅನ್ನೋ ಪ್ರಾಣಿಶಾಸ್ತ್ರಜ್ಞ ಇವಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ‘ಮೆತ್ತಡೆ’ಯಲ್ಲಿ ಎರಡು ಟೀ ಅಕ್ಷರ ಇರಬೇಕಾದ ಕಡೆ ಒಂದು ಎಲ್, ಒಂದು ಟೀ ಅಚ್ಚಾಯ್ತು. ಮೆಲ್ಟಾಡ! ನಮ್ಮ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾದ ಹಾಗೆ. ಒಮ್ಮೆ ಅಚ್ಚಾದರೆ ಆ ಶಾಸ್ತ್ರದ ನಿಯಮದಂತೆ ತಿದ್ದೋದು ಸುಲಭವಲ್ಲ, ಹಾಗೇ ಉಳೀತು. ಕನ್ನಡದಲ್ಲಿ ‘ಗುಲಂಡಿ’ ಅಂತ ಕರೀತಿದ್ದ ಪೊದೆ ಇಲಿಗೆ ಗೊಲುಂಡಾ ಎಲಿಯೋಟಿ ಅಂತ ಹೆಸರಾಯ್ತು. ಮುಂದಿನ ಪದ ನಮ್ಮ ಜನರದ್ದು, ಹಿಂದಿನ ಪದ ಆ ಅಧಿಕಾರಿಯದ್ದು.

ಮೂರನೇದು ‘ಕೋಕ್’. ಹೊಲದಲ್ಲಿ ಬಿಲ ತೋಡಿ ಕಾಳು ಬಚ್ಚಿಡೋ ಗಟ್ಟಿಮುಟ್ಟು ಇಲಿ. ತೆಲುಗಿನ ‘ಪಂದಿಕೊಕ್ಕು’ ಇಂಗ್ಲಿಷಿಗೆ ಹೋಗಿ ಬ್ಯಾಂಡಿಕೂಟ್ ಆಯ್ತಲ್ಲ, ಅದೇ ಬಳಗದ ಪದ. ಧಾರವಾಡದಿಂದ ಹೋದ ಈ ಇಲಿಗೆ ಗ್ರೇ ‘ಮಸ್ ಕೋಕ್’ ಅಂತ ಹೆಸರಿಟ್ಟ. ಆದರೆ ಅದೇ ಪ್ರಾಣಿಗೆ ಅದಕ್ಕೂ ಮೊದಲೇ ಬಂಗಾಳದ ಹೆಸರು ಬಿದ್ದಿತ್ತು. ಮೊದಲು ಬಂದವರಿಗೆ ಮೊದಲ ಮಣೆ, ಕೋಕ್ ಸೋತಿತು. ಇವತ್ತು ಅದು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್.

ಎಲಿಯಟ್ ಇದನ್ನೆಲ್ಲ ಸೇರಿಸಿ 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟ ಮಾಡಿದ. ಅದರಲ್ಲಿ ಕೋಕ್ ಬಗ್ಗೆ ಬರೆದದ್ದು ನನಗೆ ತುಂಬಾ ಇಷ್ಟ. ಒಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು ಸಿಗಬಹುದು, ಇಡೀ ಜೋಳದ ತೆನಿಗಳೂ ಇರ್ತಾವೆ. ಸುಗ್ಗಿ ಕಾಲದಲ್ಲಿ ವಡ್ಡರು ಆ ಬಿಲ ಅಗೆದು ಕಾಳು ತೆಗೆದು, ಒಳ್ಳೆ ಜಾಗ ಸಿಕ್ಕರೆ ಅದರ ಮೇಲೇ ಹೆಚ್ಚುಕಡಿಮೆ ದಿನ ದೂಡ್ತಾರೆ. ಜೋರು ಮಳೆಗೆ ಬಿಲಕ್ಕೆ ನೀರು ನುಗ್ಗಿದರೆ ಕೋಕ್ ಹೊಸ ಜಾಗಕ್ಕೆ ಹೋಗುತ್ತೆ. ಅಂಥ ಒಂದು ಹೊಸ ಬಿಲ ಹಳೇ ಬಾವಿಯ ಇಳಿಜಾರಿನಲ್ಲಿ ಇತ್ತು, ಎಲಿಯಟ್ ಅದನ್ನ ಅಗೆಸಿ ಒಳಗಿನ ದಾರಿ, ಕೋಣೆ ಎಲ್ಲ ನೋಡಿದ.

ಇದು ಆಫೀಸಿನಲ್ಲಿ ಕೂತು ಬರೆಯೋ ಮಾತಲ್ಲ. ಮಳೆಗಾಲ, ಸುಗ್ಗಿ, ಬೇಸಿಗೆ ಎಲ್ಲ ಕಾಲದಲ್ಲೂ ಒಂದೇ ನೆಲವನ್ನ ಮತ್ತೆ ಮತ್ತೆ ನೋಡಿದವರಿಗೆ ಮಾತ್ರ ಗೊತ್ತಾಗೋದು. ಎಲಿಯಟ್ ಹಾಗೆ ನೋಡಿದ, ಒಪ್ಪಿಕೊಳ್ಳೋಣ. ಆದರೆ ಆತನಿಗಿಂತ ಮೊದಲು, ಆತನಿಗಿಂತ ಹೆಚ್ಚು ನೋಡಿದವರು ಬಿಲ ಅಗೀತಿದ್ದವರು. ಮೆತ್ತಡೆ, ಗುಲಂಡಿ, ಕೋಕ್ ಬೇರೆ ಬೇರೆ ಅಂತ ಎಲಿಯಟ್‌ಗೆ ಮೊದಲು ಹೇಳಿದ್ದು ಅವರ ಮಾತು. ಹೊಟ್ಟೆಪಾಡಿಗೆ ಬೇಕಾಗಿ ಕಲಿತ ಜ್ಞಾನ ಅದು. ತಪ್ಪು ಬಿಲ ಅಗೆದರೆ ಆ ದಿನ ಉಪವಾಸ, ಅಥವಾ ಬಿಲದಲ್ಲಿ ಹಾವು.

ಇದು ಈಗಲೂ ನಮ್ಮ ಸುತ್ತ ಇದೆ. ಪರಿಚಯದ ಕಾಕಾ ಒಬ್ಬರು ಇದ್ದಾರೆ, ಎಪ್ಪತ್ತು ದಾಟಿದವರು, ಸವದತ್ತಿ ರಸ್ತೆ ಕಡೆ ಹೊಲ. ನಾನು ಫೋನಿನಲ್ಲಿ ಇಲಿಗಳ ಚಿತ್ರ ತೋರಿಸಿ “ಕಾಕಾ, ಇದು ಯಾವುದು?” ಅಂದೆ. ಚಿತ್ರ ದೂರ ಸರಿಸಿದರು. “ಇಲಿ ನಿನ್ನ ಮುಂದ ನಿಂತು ಫೋಟೋ ತೆಗಿಸ್ಕೋತತೇನೋ ತಮ್ಮಾ? ಬಾ ಇಲ್ಲಿ” ಅಂತ ಒಡ್ಡಿನ ಹತ್ತಿರ ಕರೆದೊಯ್ದರು. ಬಾಯಿಗೆ ಮಣ್ಣಿನ ಗುಪ್ಪೆ ಇದ್ದ ಬಿಲ ಒಂದು ಕಡೆ. ಗುಪ್ಪೆ ಇಲ್ಲದ, ಬಿರುಕಿನೊಳಗೇ ಹೋದ ದಾರಿ ಇನ್ನೊಂದು ಕಡೆ. “ಇದು ಬ್ಯಾರೆ, ಅದು ಬ್ಯಾರೆ. ಕೈ ಹಾಕಬ್ಯಾಡ ಮತ್ತ, ಹಾವು ಇರತಾವು.” ಎಲಿಯಟ್ ಬರೆದದ್ದೂ ಇದನ್ನೇ: ಕೋಕ್ ಬಿಲದ ಬಾಯಿಗೆ ಮಣ್ಣಿನ ಗುಡ್ಡೆ, ಮೆತ್ತಡೆಗೆ ಬಿರುಕೇ ಮನೆ. ಕಾಕಾ ಎಲಿಯಟ್ ಹೆಸರು ಕೇಳಿಲ್ಲ.

ಹಕ್ಕಿಗಳ ಕಥೆಯೂ ಹೀಗೇ. ಅದೇ ಮದ್ರಾಸ್ ಪತ್ರಿಕೆಯಲ್ಲಿ ಅದೇ ವರ್ಷಗಳಲ್ಲಿ ಥಾಮಸ್ ಜೆರ್ಡನ್ ಅನ್ನೋ ವೈದ್ಯ ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿ ಪ್ರಕಟ ಮಾಡಿದ. ನಮ್ಮ ಸೀಮೆಯ ಹಕ್ಕಿಗಳಿಗೆ ಆತ ಎಲಿಯಟ್‌ನ ಟಿಪ್ಪಣಿ ಬಳಸಿಕೊಂಡ. ಮುಂದೆ 1862ರಿಂದ ಬಂದ ಆತನ ದೊಡ್ಡ ಪುಸ್ತಕದಲ್ಲಿ ಹಕ್ಕಿಗಳ ಕನ್ನಡ ಹೆಸರೂ ಇವೆ.

ಹಳೇ ಕನ್ನಡ ಹೆಸರುಗಳನ್ನ ಸುಮ್ಮನೆ ಜೋರಾಗಿ ಓದಿ ನೋಡಿ. ಹೆಬ್ಬಕ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ, ಎರೆಭೂತ ಅಂತಾರೆ, ಎರ್ಲಡ್ಡು ಅಂತಾರೆ. ಹೆಸರಿನಲ್ಲೇ ಎರೆ ಇದೆ. ಈ ಹಕ್ಕಿ ಎಲ್ಲಿ ಹುಡುಕಬೇಕು ಅಂತ ಹೆಸರೇ ವಿಳಾಸ ಕೊಡುತ್ತೆ: ಕಪ್ಪು ಮಣ್ಣಿನ ಬಯಲು. ಇವತ್ತು ನಮ್ಮ ರಾಜ್ಯದಲ್ಲಿ ಆ ಹಕ್ಕಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅಂತೀವಿ. ಎಲಿಯಟ್ ಕಾಲದಲ್ಲಿ ಅದು ಇಲ್ಲಿಯ ಬಯಲಿನ ಮಾಮೂಲಿ ಪ್ರಾಣಿ. ಈಗ ಹುಬ್ಬಳ್ಳಿ-ಧಾರವಾಡದಲ್ಲಿ ಓಡೋ ಬಸ್ಸಿಗೆ ಚಿಗರಿ ಅಂತ ಹೆಸರು. ನಮ್ಮ ವಯಸ್ಸಿನ ಎಷ್ಟೋ ಜನ ಚಿಗರಿ ಹತ್ತಿದ್ದೀವಿ, ಚಿಗರಿ ನೋಡಿಲ್ಲ.

ಎಲಿಯಟ್ ಮುಂದೆ ದೊಡ್ಡ ಮನುಷ್ಯನಾದ. ಮದ್ರಾಸಿಗೆ ಹೋದ, ತೆಲುಗು ಸೀಮೆಯಲ್ಲಿ ಕೆಲಸ ಮಾಡಿದ, 1859ರಲ್ಲಿ ಗಿಡಗಳ ತೆಲುಗು ಹೆಸರುಗಳನ್ನ ಸಸ್ಯಶಾಸ್ತ್ರದ ಹೆಸರಿನ ಜೊತೆ ಹೊಂದಿಸಿ ‘ಫ್ಲೋರಾ ಆಂಧ್ರಿಕಾ’ ಅಂತ ಪುಸ್ತಕ ತಂದ. ಅದೇ 1859ರಲ್ಲಿ ಬಂದ ಡಾರ್ವಿನ್ನನ ‘ಆರಿಜಿನ್ ಆಫ್ ಸ್ಪೀಷೀಸ್’ ತೆಗೆದು ನೋಡಿ. ಮೊದಲ ಅಧ್ಯಾಯದಲ್ಲೇ, ಪಾರಿವಾಳಗಳ ಮಾತು ಬರೋ ಕಡೆ, ಭಾರತದಿಂದ ಪಾರಿವಾಳದ ಚರ್ಮ ಕಳಿಸಿದವರು ಅಂತ ಎಲಿಯಟ್ ಹೆಸರು ಇದೆ. ಕಿತ್ತೂರಿನ ಕೈದಿಗೆ ಜಗತ್ತಿನ ಅತಿ ಪ್ರಸಿದ್ಧ ವಿಜ್ಞಾನ ಪುಸ್ತಕವೊಂದರಲ್ಲಿ ಕೃತಜ್ಞತೆ ಸಿಕ್ಕಿತು. ಮೆತ್ತಡೆ ಅಂತ ಹೇಳಿಕೊಟ್ಟವರಿಗೆ? ಡಜನ್ ಲೆಕ್ಕದಲ್ಲಿ ಕಾಳು.

ಇದಕ್ಕೆ ಎಲಿಯಟ್‌ನನ್ನ ಬೈದು ಸಂಚಿಕೆ ಮುಗಿಸಬಹುದಿತ್ತು. ಅದು ಸುಲಭ, ಕಿತ್ತೂರು ಉತ್ಸವದ ಭಾಷಣಕ್ಕೆ ಹೊಂದುತ್ತೆ ಕೂಡ. ಆದರೆ ಒಂದು ಮಾತು ಯೋಚನೆ ಮಾಡಿ. ಆತ ಕನಿಷ್ಠ ಪದ ಬರೆದ. ಯಾವ ಪದ ಕನ್ನಡಿಗರದ್ದು, ಯಾವುದು ವಡ್ಡರದ್ದು ಅಂತ ಬೇರೆ ಬೇರೆ ಮಾಡಿ ಬರೆದ. ಆದ್ದರಿಂದಲೇ ಇನ್ನೂರು ವರ್ಷದ ಮೇಲೆ ನಾನು ಇದನ್ನ ನಿಮಗೆ ಹೇಳೋಕೆ ಆಗ್ತಿದೆ. ನಾವು ಈಗ ಏನು ಮಾಡ್ತಿದ್ದೀವಿ? ಫೋನು ಎತ್ತಿ ಹಕ್ಕಿ ಕೂಗು ಕೇಳಿಸ್ತೀವಿ. ಆ್ಯಪ್ ಒಂದು ಇಂಗ್ಲಿಷ್ ಹೆಸರು ಹೇಳುತ್ತೆ. ಸ್ಕ್ರೀನ್‌ಶಾಟ್, ಸ್ಟೇಟಸ್, ಮುಗೀತು. ಪಕ್ಕದಲ್ಲಿ ನಿಂತ ಅಜ್ಜಿಯನ್ನ “ನೀವು ಇದಕ್ಕ ಏನಂತೀರಿ?” ಅಂತ ಕೇಳಲ್ಲ. ಕಂಪನಿ ಅಧಿಕಾರಿ ಕೇಳಿದ್ದನ್ನ ಮೊಮ್ಮಕ್ಕಳು ಕೇಳ್ತಿಲ್ಲ.

ಹಾಗಂತ ಆ್ಯಪ್ ಬೇಡ ಅಂತಲ್ಲ. ನಾನೂ ಬಳಸ್ತೀನಿ. ಆದರೆ ಗುರುತಿಸೋದನ್ನ ಕಲಿಯೋಕೆ ಬೇಕಾದದ್ದು ಇನ್ನೂ ಹಳೇ ವಿಧಾನ. ಅದಕ್ಕೊಂದು ಉದಾಹರಣೆ ನಮ್ಮ ರಾಜ್ಯದ್ದೇ, ಶಿವಮೊಗ್ಗದ್ದು. ಎಲಿಯಟ್ ಕಿತ್ತೂರಿನಲ್ಲಿ ಸೆರೆಯಾಗಿ ಸುಮಾರು ಇಪ್ಪತ್ತು ವರ್ಷದ ಮೇಲೆ, 1840ರ ದಶಕದಲ್ಲಿ, ಹ್ಯೂ ಕ್ಲೆಗ್‌ಹಾರ್ನ್ ಅನ್ನೋ ಯುವ ವೈದ್ಯ ಅಲ್ಲಿಗೆ ಬಂದ. ವಿಲಿಯಂ ಹೂಕರ್ ಅನ್ನೋ ದೊಡ್ಡ ಸಸ್ಯಶಾಸ್ತ್ರಜ್ಞ ಅವನಿಗೆ ಕೊಟ್ಟ ಸಲಹೆ ಇಷ್ಟೇ: ದಿನಕ್ಕೆ ಒಂದು ಗಿಡ, ಕಾಲು ಗಂಟೆ. ಕ್ಲೆಗ್‌ಹಾರ್ನ್ ಅದನ್ನ ಪಾಲಿಸಿದ, ಒಬ್ಬ ಮರಾಠ ಚಿತ್ರಕಾರನಿಂದ ಗಿಡಗಳ ಚಿತ್ರ ಬರೆಸಿದ. 1856ರಲ್ಲಿ ಆತ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಆದ. ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಇವೆ.

ದಿನಕ್ಕೆ ಕಾಲು ಗಂಟೆ. ಎರಡು ರೀಲ್ಸ್ ನೋಡೋಕೆ ಕೂತರೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತೆ.

ನಾನು ಒಂದು ವರ್ಷದಿಂದ ಮಾಡ್ತಿರೋದು ಹೇಳ್ತೀನಿ, ನಿಮಗೆ ಉಪಯೋಗ ಆದರೆ ಆಗಲಿ. ಒಂದೇ ಜಾಗ ಇಟ್ಟುಕೊಂಡಿದ್ದೀನಿ, ಒಂದು ಹಳ್ಳದ ದಂಡೆ, ಅದರ ಪಕ್ಕದ ಹೊಲದ ಒಡ್ಡು. ಬೇರೆ ಬೇರೆ ಕಡೆ ತಿರುಗಿದರೆ ಪಟ್ಟಿ ಉದ್ದ ಆಗುತ್ತೆ, ಕಲಿಕೆ ಆಗಲ್ಲ. ಒಂದೇ ಜಾಗಕ್ಕೆ ಹೋದರೆ ‘ಇದು ಹೋದ ವಾರ ಇರಲಿಲ್ಲ’ ಅನ್ನೋದು ಗೊತ್ತಾಗುತ್ತೆ. ಹಕ್ಕಿ ಕಂಡರೆ ಮೊದಲು ಬಣ್ಣ ನೋಡಲ್ಲ, ಬಿಸಿಲಿಗೆ ಬಣ್ಣ ಮೋಸ ಮಾಡುತ್ತೆ. ಗಾತ್ರ ನೋಡ್ತೀನಿ: ಗುಬ್ಬಿಯಷ್ಟಾ, ಬೆಳವದಷ್ಟಾ, ಕಾಗೆಯಷ್ಟಾ? ಆಮೇಲೆ ಎಲ್ಲಿದೆ: ನೆಲದ ಮೇಲಾ, ತಂತಿ ಮೇಲಾ, ಜಾಲಿಯೊಳಗಾ? ಏನು ಮಾಡ್ತಿದೆ? ಗೌಜಗ ಓಡುತ್ತೆ, ಬುರ್ಲಿ ಕಾಲಕೆಳಗಿಂದ ಭರ್ರ್ ಅಂತ ಎದ್ದು ಸ್ವಲ್ಪ ದೂರದಲ್ಲೇ ಬೀಳುತ್ತೆ, ಕೆಂಬೂತ ಬೇಲಿಯೊಳಗೆ ಕಳ್ಳನ ಹಾಗೆ ನುಸುಳುತ್ತೆ. ಇಷ್ಟು ನೋಡಿದ ಮೇಲೆ ಆ್ಯಪ್ ತೆಗೀತೀನಿ. ಆಗ ಅದು ಹೇಳಿದ್ದು ಸರೀನಾ ತಪ್ಪಾ ಅಂತ ತೂಗೋಕೆ ನನ್ನ ಹತ್ತಿರವೂ ಏನೋ ಇರುತ್ತೆ.

ಈಗ ಮೊದಲಿಗೆ ಹೇಳಿದ ಆ ಕೆಲಸ. ಕಾಮರ್ಸ್ ಓದಿದವರಿಗೆ ಜರ್ನಲ್ ಎಂಟ್ರಿ ನೆನಪಿರಬೇಕು. ಡೆಬಿಟ್ ಬರೀತೀವಿ, ಕ್ರೆಡಿಟ್ ಬರೀತೀವಿ, ಕೆಳಗೆ ಒಂದು ಸಾಲು ನರೇಷನ್ ಬರೀತೀವಿ: ಈ ವ್ಯವಹಾರ ಯಾಕಾಯ್ತು, ಯಾರ ಜೊತೆ ಆಯ್ತು ಅಂತ. ಪರೀಕ್ಷೆಯಲ್ಲಿ ನರೇಷನ್ ಬಿಟ್ಟರೆ ಮಾರ್ಕ್ಸ್ ಕಟ್. ಎಲಿಯಟ್‌ನ ಪಟ್ಟಿಯಲ್ಲಿ ಇಲಿ ಇದೆ, ಪದ ಇದೆ, ಯಾವ ಸಮುದಾಯದ ಪದ ಅಂತಲೂ ಇದೆ. ಹೇಳಿದ ಮನುಷ್ಯ ಇಲ್ಲ. ಹಿಡಿದವನು ಯಾರು, ಯಾವ ಊರಿನವನು, ಬಿಲದ ಗುರುತು ಅವನಿಗೆ ಕಲಿಸಿದ್ದು ಅವ್ವನಾ ಅಪ್ಪನಾ? ಆ ಸಾಲು ಖಾಲಿ. ಅದನ್ನ ಈಗ ಯಾರೂ ತುಂಬೋಕೆ ಆಗಲ್ಲ.

ನಮ್ಮ ಪಟ್ಟಿಯಲ್ಲಿ ಆ ಸಾಲು ಖಾಲಿ ಇರಬೇಕಾಗಿಲ್ಲ. ಐ-ನ್ಯಾಚುರಲಿಸ್ಟ್ ಇರಲಿ, ಇ-ಬರ್ಡ್ ಇರಲಿ, ಟಿಪ್ಪಣಿ ಬರೆಯೋಕೆ ಜಾಗ ಇದೆ. ಹತ್ತು ರೂಪಾಯಿ ನೋಟ್‌ಬುಕ್ ಆದರೂ ನಡೀತದೆ. ಹಕ್ಕಿಯದೋ ಗಿಡದ್ದೋ ಸ್ಥಳೀಯ ಹೆಸರು ಸಿಕ್ಕರೆ, ಅವರು ಉಚ್ಚರಿಸಿದ ಹಾಗೇ ಬರೀರಿ, ಪುಸ್ತಕದ ಕನ್ನಡಕ್ಕೆ ತಿದ್ದಬ್ಯಾಡ್ರಿ. ಒಂದು ಅಕ್ಷರ ತಿರುವಿದರೆ ಮೆತ್ತಡೆ ಮೆಲ್ಟಾಡ ಆಗುತ್ತೆ ಅಂತ ಈಗಷ್ಟೇ ನೋಡಿದ್ವಿ. ಧ್ವನಿ ರೆಕಾರ್ಡ್ ಮಾಡೋಕೆ ಆದರೆ ಇನ್ನೂ ಒಳ್ಳೇದು. ಯಾವ ಊರು, ಯಾವ ತಿಂಗಳು ಬರೀರಿ. ಹೇಳಿದವರನ್ನ “ನಿಮ್ಮ ಹೆಸರು ಹಾಕಲೇನ್ರೀ?” ಅಂತ ಕೇಳಿ, ಒಪ್ಪಿದರೆ ಅವರ ಹೆಸರು ಬರೀರಿ. ಬ್ಯಾಡ ಅಂದರೆ ಅವರ ಕಸುಬು ಬರೀರಿ: ಕುರಿ ಕಾಯೋರು, ಮೀನು ಹಿಡಿಯೋರು, ಕಳೆ ತೆಗೆಯೋರು. ಯಾವ ಪ್ರಾಣೀನೂ ಹಿಡೀಬ್ಯಾಡ್ರಿ, ಗೂಡಿನ ಹತ್ತಿರ ಹೋಗಬ್ಯಾಡ್ರಿ, ಬಿಲಕ್ಕೆ ಕೈ ಹಾಕಬ್ಯಾಡ್ರಿ.

ನವಿಲುತೀರ್ಥ ಅಂತ ಊರ ಹತ್ತಿರ ಹೆಸರಿದೆ. ಮಲಪ್ರಭಾ ಗುಡ್ಡ ಸೀಳಿಕೊಂಡು ಹರಿಯೋ ಜಾಗ, 1970ರ ದಶಕದಲ್ಲಿ ಅಲ್ಲಿ ಅಣೆಕಟ್ಟು ಎದ್ದಿತು. ಯಾರೋ ಒಬ್ಬರು ಒಂದು ಕಾಲದಲ್ಲಿ ಅಲ್ಲಿ ನವಿಲು ನೋಡಿ ಆ ಹೆಸರು ಇಟ್ಟಿರಬೇಕು. ಅವರ ಹೆಸರು ನಮಗೆ ಇಲ್ಲ, ಅವರು ನೋಡಿದ್ದು ಮಾತ್ರ ನೆಲದ ಹೆಸರಾಗಿ ಉಳಿದಿದೆ. ಮುಂದಿನ ಭಾನುವಾರ ಬೆಳಿಗ್ಗೆ ಬಿಸಿಲು ಏರೋ ಮೊದಲು ನಿಮ್ಮ ಊರಿನ ಕೆರೆಯೋ ಹಳ್ಳವೋ ಒಂದು ಜಾಗ ಗೊತ್ತು ಮಾಡಿಕೊಂಡು ಕಾಲು ಗಂಟೆ ನಿಲ್ಲಿ. ಅಲ್ಲಿ ಹಾದು ಹೋಗೋ ಹಿರಿಯರನ್ನ ಒಂದು ಹೆಸರು ಕೇಳಿ. ಆ ಹೆಸರು, ಹೇಳಿದವರ ಮಾತು ಎರಡನ್ನೂ ನನಗೆ ವಾಯ್ಸ್ ಮೆಸೇಜಿನಲ್ಲಿ ಕಳಿಸಿ. ಬಂದಷ್ಟನ್ನ ಮುಂದಿನ ಸಂಚಿಕೆಯಲ್ಲಿ ಅವರ ದನಿಯಲ್ಲೇ ಕೇಳಿಸ್ತೀನಿ. ಬರ್ತೀನ್ರೀ.